ಯುದ್ಧದಲ್ಲಿ ಮಡಿದ ಮಕ್ಕಳನ್ನು ನೆನೆಯುವುದು ಹೇಗೆ? – ಸ್ಮಾರಕ ಪ್ರದರ್ಶನಗಳ ಚರಿತ್ರೆಯಿಂದ ಕೆಲವು ಪಾಠಗಳು

ಅಗಲಿದವರನ್ನು ನೆನೆಯುವುದು ಮನುಷ್ಯನ ಬಹು ಹಳೆಯ ಸಂಸ್ಕಾರ. ನಮ್ಮ ಕನ್ನಡ ನಾಡಿನಲ್ಲಿ ಊರ ಹೊರಗೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತಿರುವ ವೀರಗಲ್ಲುಗಳೇ ಇದಕ್ಕೆ ಸಾಕ್ಷಿ. ತುರುಗಳನ್ನು ಕಾಯಲು ಹೋರಾಡಿದವನಿಗೆ, ಊರಿನ ರಕ್ಷಣೆಗಾಗಿ ಪ್ರಾಣ ಕೊಟ್ಟವನಿಗೆ, ಅರಸನ ಪರವಾಗಿ ಯುದ್ಧಕ್ಕೆ ಹೋಗಿ ಮಡಿದವನಿಗೆ ನಮ್ಮ ಹಿರಿಯರು ಕಲ್ಲು ನಿಲ್ಲಿಸಿದರು. ಬೆಂಗಳೂರು ಎಂಬ ಹೆಸರು ಮೊದಲು ಕಾಣಿಸುವ ಬೇಗೂರಿನ ಶಾಸನವೂ ಒಂದು ಕಾಳಗದ ನೆನಪಿನದೇ ಆಗಿದೆ.

ಆದರೆ ಒಂದು ಪ್ರಶ್ನೆಯನ್ನು ಚರಿತ್ರೆಯ ವಿದ್ಯಾರ್ಥಿಗಳಾದ ನಾವು ಕೇಳಿಕೊಳ್ಳಬೇಕು. ಆ ಕಾಳಗಗಳಲ್ಲಿ ಕತ್ತಿ ಹಿಡಿಯದೆ ಸತ್ತವರಿಗೆ ಕಲ್ಲು ಎಲ್ಲಿದೆ? ಮನೆಗೆ ಬೆಂಕಿ ಬಿದ್ದಾಗ ತೊಟ್ಟಿಲಲ್ಲಿದ್ದ ಕೂಸಿಗೆ, ಓಡುವಾಗ ತಾಯಿಯ ಕೈ ಜಾರಿದ ಮಗುವಿಗೆ ವೀರಗಲ್ಲು ಇಲ್ಲ. ಶೌರ್ಯಕ್ಕೆ ಸ್ಮಾರಕ ಕಟ್ಟುವುದನ್ನು ಎಲ್ಲ ದೇಶಗಳೂ ಬಹಳ ಹಿಂದೆಯೇ ಕಲಿತವು. ಯಾವ ಶೌರ್ಯವನ್ನೂ ತೋರಿಸದೆ, ಯಾರ ಮೇಲೂ ಹಗೆ ಇಲ್ಲದೆ, ಯುದ್ಧ ಎಂದರೇನು ಎಂದೇ ತಿಳಿಯದೆ ಸತ್ತ ಮಕ್ಕಳಿಗೆ ಸ್ಮಾರಕ ಕಟ್ಟುವುದನ್ನು ಜಗತ್ತು ಕಲಿತದ್ದು ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದಲ್ಲಿ.

ಈ ವಿಷಯವನ್ನು ಬರೆಯಲು ಒಂದು ಕಾರಣವಿದೆ. ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳು ಗಾಝಾದಲ್ಲಿ ಮಡಿದ ಮಕ್ಕಳ ನೆನಪಿಗಾಗಿ ಒಂದು ಪ್ರದರ್ಶನ ಮಾಡುತ್ತೇವೆ ಎಂದು ನನ್ನ ಬಳಿ ಬಂದರು. ಅವರ ಉತ್ಸಾಹ ಕಂಡು ಸಂತೋಷವಾಯಿತು. ಮರುದಿನ ಅವರು ತಂದ ಚಿತ್ರಗಳನ್ನು ಮೇಜಿನ ಮೇಲೆ ಹರಡಿದಾಗ ಮಾತ್ರ ಮನಸ್ಸಿಗೆ ಕಸಿವಿಸಿಯಾಯಿತು. ಎಲ್ಲವೂ ರಕ್ತದ ಚಿತ್ರಗಳು. ಸೀಮೆಸುಣ್ಣ ಕೇಳಲು ಬಂದಿದ್ದ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಅವನ್ನು ನೋಡಿ ಮುಖ ತಿರುಗಿಸಿಕೊಂಡು, ಸೀಮೆಸುಣ್ಣವನ್ನೂ ತೆಗೆದುಕೊಳ್ಳದೆ ಹೊರಟುಹೋದಳು. "ಸರ್, ಇದನ್ನು ತೋರಿಸದಿದ್ದರೆ ಜನರಿಗೆ ಹೇಗೆ ಗೊತ್ತಾಗುತ್ತದೆ?" ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಅವನ ಪ್ರಶ್ನೆ ಸಣ್ಣದಲ್ಲ. ಉತ್ತರಕ್ಕಾಗಿ ಬೇರೆ ಬೇರೆ ದೇಶಗಳಲ್ಲಿ ಈ ಕೆಲಸವನ್ನು ಹೇಗೆ ಮಾಡಿದ್ದಾರೆ ಎಂದು ಓದಲು ಕುಳಿತೆ. ಓದಿ ತಿಳಿದುಕೊಂಡದ್ದನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಚಿತ್ರಕಲಾ ಶಿಕ್ಷಕಿಯ ಎರಡು ಸೂಟ್‌ಕೇಸುಗಳು

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಝಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಸ್ಥಳಗಳಲ್ಲಿ ಒಂದು ಟೆರೆಝಿನ್. ಇದು ಇಂದಿನ ಝೆಕ್ ಗಣರಾಜ್ಯದಲ್ಲಿ, ಪ್ರಾಗ್ ನಗರದ ಉತ್ತರಕ್ಕಿದೆ. ಅಲ್ಲಿಗೆ ತಳ್ಳಲ್ಪಟ್ಟವರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ಕಲಾವಿದೆಯೂ ಇದ್ದರು. ಹಸಿವು, ಕಾಯಿಲೆ, ಭಯದ ನಡುವೆ ಅವರು ಅಲ್ಲಿಯ ಮಕ್ಕಳಿಗೆ ಚಿತ್ರ ಬರೆಯುವುದನ್ನು ಕಲಿಸಿದರು. ಸಿಕ್ಕಿದ ಹಳೆಯ ಕಾಗದದ ಚೂರುಗಳ ಮೇಲೆ ಮಕ್ಕಳು ಮನೆ, ಹೂವು, ಚಿಟ್ಟೆ, ಊಟದ ಮೇಜು, ತಮ್ಮ ಊರಿನ ದಾರಿ ಇವುಗಳನ್ನು ಬರೆದರು. ಪ್ರತಿ ಚಿತ್ರದ ಮೇಲೂ ಮಕ್ಕಳು ತಮ್ಮ ಹೆಸರನ್ನು ಬರೆಯಬೇಕೆಂದು ಆ ಶಿಕ್ಷಕಿ ಹೇಳುತ್ತಿದ್ದರು. ಸೆರೆಯವರು ಆ ಮಕ್ಕಳನ್ನು ಕೇವಲ ಒಂದು ಸಂಖ್ಯೆಯನ್ನಾಗಿ ಮಾಡಿದ್ದ ಸ್ಥಳದಲ್ಲಿ ಶಿಕ್ಷಕಿ ಅವರಿಂದ ಹೆಸರು ಬರೆಸಿದರು.

1944ರ ಅಕ್ಟೋಬರಿನಲ್ಲಿ ಅವರನ್ನು ಆಶ್‌ವಿಟ್ಸ್‌ಗೆ ಒಯ್ದು ಕೊಂದರು. ಹೊರಡುವ ಮೊದಲು ಅವರು ಮಕ್ಕಳ ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸುಗಳಲ್ಲಿ ತುಂಬಿ ಬಚ್ಚಿಟ್ಟಿದ್ದರು. ಯುದ್ಧ ಮುಗಿದ ಮೇಲೆ ಅವು ಸಿಕ್ಕಿದವು. ಆ ಚಿತ್ರಗಳನ್ನು ಬರೆದ ಮಕ್ಕಳಲ್ಲಿ ಬಹುಪಾಲು ಬದುಕಿ ಉಳಿಯಲಿಲ್ಲ. ಆ ಚಿತ್ರಗಳು ಈಗ ಪ್ರಾಗ್‌ನ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಕೆಲವನ್ನು ಅಲ್ಲಿಯ ಪಿಂಕಾಸ್ ಸಿನಗಾಗ್‌ನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದಾರೆ. ಅದೇ ಕಟ್ಟಡದ ಗೋಡೆಗಳ ಮೇಲೆ ಕೊಲ್ಲಲ್ಪಟ್ಟ ಸುಮಾರು 80,000 ಜನರ ಹೆಸರುಗಳನ್ನು ಕೈಯಿಂದ ಬರೆಯಲಾಗಿದೆ.

ಅದೇ ದೇಶದಲ್ಲಿ ಲಿಡಿಟ್ಸೆ ಎಂಬ ಹಳ್ಳಿಯಿದೆ. 1942ರ ಜೂನ್ 10ರಂದು ನಾಝಿಗಳು ಆ ಹಳ್ಳಿಯ 173 ಗಂಡಸರನ್ನು ಸಾಲಾಗಿ ನಿಲ್ಲಿಸಿ ಗುಂಡಿಟ್ಟರು. ಹೆಂಗಸರನ್ನು ಸೆರೆಶಿಬಿರಕ್ಕೆ ಕಳುಹಿಸಿದರು. ಹಳ್ಳಿಯನ್ನು ನೆಲಸಮ ಮಾಡಿದರು. ಆ ಹಳ್ಳಿಯ 82 ಮಕ್ಕಳು ಕೊಲ್ಲಲ್ಪಟ್ಟರು. ಮರೀ ಉಖಿಟಿಲೋವಾ ಎಂಬ ಶಿಲ್ಪಿ 1969ರಿಂದ ಆರಂಭಿಸಿ ಆ 82 ಮಕ್ಕಳ ಆಳೆತ್ತರದ ಪ್ರತಿಮೆಗಳನ್ನು ಮಾಡುವುದಕ್ಕೆ ತಮ್ಮ ಉಳಿದ ಆಯುಷ್ಯವನ್ನೇ ಕೊಟ್ಟರು. ಅಚ್ಚುಗಳು ಮುಗಿದಿದ್ದವು, ಎಲ್ಲವೂ ಕಂಚಿನಲ್ಲಿ ಎರಕವಾಗುವ ಮುನ್ನ 1989ರಲ್ಲಿ ಅವರು ತೀರಿಕೊಂಡರು. ಅವರ ಪತಿ ಆ ಕೆಲಸವನ್ನು ಮುಂದುವರಿಸಿ 2000ದಲ್ಲಿ ಪೂರ್ಣಗೊಳಿಸಿದರು. 42 ಹೆಣ್ಣುಮಕ್ಕಳು, 40 ಗಂಡುಮಕ್ಕಳು ಶಾಲೆಯ ಗುಂಪು ಫೋಟೋಗೆ ನಿಂತವರಂತೆ ಒಟ್ಟಾಗಿ ನಿಂತಿದ್ದಾರೆ. ಆ ಪ್ರತಿಮೆಗಳಲ್ಲಿ ಗಾಯವಿಲ್ಲ, ರಕ್ತವಿಲ್ಲ. ಇಷ್ಟು ಮಕ್ಕಳು ಇದ್ದರು ಎಂಬುದಷ್ಟೇ ಅಲ್ಲಿ ಕಾಣುವುದು.

ಹಿರೋಶಿಮಾದ ಸೈಕಲ್ಲು ಮತ್ತು ಬುತ್ತಿ ಡಬ್ಬಿ

1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಅಣುಬಾಂಬ್ ಬಿದ್ದಾಗ ಸದಾಕೊ ಸಸಾಕಿ ಎರಡು ವರ್ಷದ ಮಗು. ಆ ದಿನ ಬದುಕಿ ಉಳಿದ ಆಕೆ ಮುಂದೆ ರಕ್ತದ ಕ್ಯಾನ್ಸರಿನಿಂದ 1955ರ ಅಕ್ಟೋಬರ್ 25ರಂದು, ಹನ್ನೆರಡನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆಸ್ಪತ್ರೆಯಲ್ಲಿ ಆಕೆ ಕಾಗದದ ಕೊಕ್ಕರೆಗಳನ್ನು ಮಡಿಸುತ್ತಿದ್ದ ಕಥೆಯನ್ನು ನಿಮ್ಮಲ್ಲಿ ಹಲವರು ಓದಿರುತ್ತೀರಿ. ಅಷ್ಟಾಗಿ ತಿಳಿಯದ ಸಂಗತಿ ಇನ್ನೊಂದಿದೆ. ಆಕೆಯ ನೆನಪಿಗೆ ಸ್ಮಾರಕ ಬೇಕೆಂದು ಮೊದಲು ಕೇಳಿದವರು ದೊಡ್ಡವರಲ್ಲ, ಆಕೆಯ ಸಹಪಾಠಿಗಳು. ಅವರ ಕರೆಗೆ ಓಗೊಟ್ಟು ಜಪಾನಿನ ಮೂರು ಸಾವಿರಕ್ಕೂ ಹೆಚ್ಚು ಶಾಲೆಗಳ ಮಕ್ಕಳು ಹಣ ಕೂಡಿಸಿದರು. ಹೊರದೇಶಗಳಿಂದಲೂ ನೆರವು ಬಂತು. 1958ರ ಮೇ 5ರಂದು, ಜಪಾನಿನ ಮಕ್ಕಳ ದಿನಾಚರಣೆಯಂದೇ, ಮಕ್ಕಳ ಶಾಂತಿ ಸ್ಮಾರಕ ಅನಾವರಣಗೊಂಡಿತು.

ಅದೇ ಉದ್ಯಾನದಲ್ಲಿರುವ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿ ತುಕ್ಕು ಹಿಡಿದ ಒಂದು ಮೂರು ಚಕ್ರದ ಸೈಕಲ್ಲಿದೆ. ನಾಲ್ಕು ವರ್ಷ ತುಂಬಲು ಸ್ವಲ್ಪವೇ ಬಾಕಿಯಿದ್ದ ಒಬ್ಬ ಹುಡುಗ ಬಾಂಬ್ ಬಿದ್ದಾಗ ಅದನ್ನು ಓಡಿಸುತ್ತಿದ್ದ. ಅಂದು ರಾತ್ರಿಯೇ ತೀರಿಕೊಂಡ. ಇಷ್ಟು ಸಣ್ಣ ಮಗುವನ್ನು ದೂರದ ಸ್ಮಶಾನದಲ್ಲಿ ಒಂಟಿಯಾಗಿ ಬಿಡಲು ತಂದೆಗೆ ಮನಸ್ಸಾಗಲಿಲ್ಲ. ಮನೆಯ ಹಿತ್ತಲಿನಲ್ಲಿಯೇ ಸೈಕಲ್ಲಿನೊಂದಿಗೆ ಮಣ್ಣು ಮಾಡಿದರು. ನಲವತ್ತು ವರ್ಷಗಳ ನಂತರ, 1985ರಲ್ಲಿ, ಮಗುವಿನ ಅಸ್ಥಿಯನ್ನು ಕುಟುಂಬದ ಸಮಾಧಿಗೆ ಸೇರಿಸಲು ತೆಗೆದಾಗ ಸೈಕಲ್ಲನ್ನು ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಇನ್ನೊಂದು ಕಡೆ ಒಂದು ಬುತ್ತಿ ಡಬ್ಬಿಯಿದೆ. ಅದು ಮಾಧ್ಯಮಿಕ ಶಾಲೆಯ ಮೊದಲ ವರ್ಷದ ಹುಡುಗನೊಬ್ಬನದು. ತಾಯಿ ಮಗನ ದೇಹವನ್ನು ಹುಡುಕಿ ಕಂಡಾಗ ಈ ಡಬ್ಬಿ ಅವನ ಬಳಿಯೇ ಇತ್ತು. ಅವನು ಉಣ್ಣದ ಊಟ ಅದರೊಳಗೆ ಕರಕಲಾಗಿತ್ತು.

ಮೊದಲು ಈ ವಸ್ತುಸಂಗ್ರಹಾಲಯದಲ್ಲಿ ಸುಟ್ಟ ಚರ್ಮ ಜೋತುಬಿದ್ದ ಮನುಷ್ಯರ ಗೊಂಬೆಗಳನ್ನೂ ಇಟ್ಟಿದ್ದರು. ಶಾಲಾ ಮಕ್ಕಳು ನೋಡಿ ಹೆದರುತ್ತಿದ್ದರು. 2017ರಲ್ಲಿ ಅವುಗಳನ್ನು ತೆಗೆದುಹಾಕಿ, ಮಡಿದವರು ಬಿಟ್ಟುಹೋದ ನಿಜವಾದ ವಸ್ತುಗಳಿಗೂ ಛಾಯಾಚಿತ್ರಗಳಿಗೂ ಪ್ರಾಧಾನ್ಯ ಕೊಟ್ಟು, 2019ರಲ್ಲಿ ಮುಖ್ಯ ಕಟ್ಟಡವನ್ನು ಹೊಸ ರೂಪದಲ್ಲಿ ತೆರೆದರು. ಈ ತೀರ್ಮಾನಕ್ಕೆ ವಿರೋಧವೂ ಬಂತು. ಗೊಂಬೆಗಳನ್ನು ತೆಗೆದರೆ ಭೀಕರತೆ ಮರೆತುಹೋಗುತ್ತದೆ ಎಂದು ಕೆಲವರು ವಾದಿಸಿದರು. ನಿಜವಾಗಿ ನಡೆದದ್ದು ಆ ಗೊಂಬೆಗಳಿಗಿಂತಲೂ ಘೋರವಾಗಿತ್ತು ಎಂದು ಬದುಕಿ ಉಳಿದವರಲ್ಲಿ ಹೇಳಿದವರಿದ್ದರು. ನಮ್ಮ ವಿದ್ಯಾರ್ಥಿ ಕೇಳಿದ ಪ್ರಶ್ನೆಯೂ ಇದೇ ಅಲ್ಲವೇ? ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೂ ಒಂದು ಮಾತು ಯೋಚಿಸಬೇಕು. ಗೊಂಬೆಯನ್ನು ನೋಡಿದ ಮಗು ಕಣ್ಣು ಮುಚ್ಚಿಕೊಂಡು ಮುಂದೆ ಹೋಗುತ್ತದೆ. ಬುತ್ತಿ ಡಬ್ಬಿಯನ್ನು ನೋಡಿದ ಮಗು ಅಲ್ಲಿ ನಿಲ್ಲುತ್ತದೆ. ಏಕೆಂದರೆ ಅಂಥದೇ ಡಬ್ಬಿ ಅದರ ಚೀಲದಲ್ಲಿಯೂ ಇದೆ.

ಬಗ್ದಾದಿನ ಅಲ್-ಅಮಿರಿಯಾ

ಕೊಲ್ಲಿ ಯುದ್ಧದ ಸಮಯದಲ್ಲಿ, 1991ರ ಫೆಬ್ರವರಿ 13ರ ಬೆಳಗಿನ ಜಾವ, ಬಗ್ದಾದಿನ ಅಲ್-ಅಮಿರಿಯಾ ಬಡಾವಣೆಯ ಆಶ್ರಯ ಕಟ್ಟಡದ ಮೇಲೆ ಅಮೆರಿಕದ ವಿಮಾನಗಳು ಎರಡು ಬಾಂಬ್‌ಗಳನ್ನು ಹಾಕಿದವು. ಮೊದಲನೆಯದು ಕಾಂಕ್ರೀಟ್ ಛಾವಣಿಯನ್ನು ತೂತು ಮಾಡಿತು, ಎರಡನೆಯದು ಒಳಗೆ ಸಿಡಿಯಿತು. ಒಳಗೆ ಮಲಗಿದ್ದ 400ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಅದೊಂದು ಸೈನಿಕ ಕೇಂದ್ರವಾಗಿತ್ತು ಎಂದು ಅಮೆರಿಕ ಸಮರ್ಥಿಸಿಕೊಂಡಿತು.

ಇರಾಕ್ ಸರಕಾರ ಆ ಕಟ್ಟಡವನ್ನು ಕೆಡವದೆ ಸ್ಮಾರಕವಾಗಿ ಉಳಿಸಿತು. ಛಾವಣಿಯ ತೂತು ಹಾಗೆಯೇ ಇತ್ತು. ಕರಿಹಿಡಿದ ಗೋಡೆಗಳ ಮೇಲೆ ಮಡಿದವರ ಭಾವಚಿತ್ರಗಳನ್ನು ತೂಗುಹಾಕಿದ್ದರು. ಅಲ್ಲಿ ತನ್ನ ಹಲವು ಮಕ್ಕಳನ್ನು ಕಳೆದುಕೊಂಡ ಒಬ್ಬ ತಾಯಿ ಆ ಸ್ಥಳದಲ್ಲಿಯೇ ವಾಸಮಾಡಿ, ಬಂದವರಿಗೆ ಚಿತ್ರಗಳನ್ನು ತೋರಿಸಿ ಮಕ್ಕಳ ಬಗ್ಗೆ ಹೇಳುತ್ತಿದ್ದರು. ಆದರೆ ಹೊರದೇಶದ ಅತಿಥಿಗಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದ ಸದ್ದಾಂ ಹುಸೇನ್ ಸರಕಾರಕ್ಕೆ ತನ್ನದೇ ಆದ ಉದ್ದೇಶವೂ ಇತ್ತು. ಅದೇ ಸರಕಾರ 1988ರಲ್ಲಿ ಹಲಬ್ಜಾ ಪಟ್ಟಣದ ಮೇಲೆ ವಿಷಾನಿಲ ಹಾಕಿ ಸಾವಿರಾರು ಕುರ್ದ್ ಜನರನ್ನು ಕೊಂದಿತ್ತು, ಅವರಲ್ಲಿಯೂ ಮಕ್ಕಳಿದ್ದರು. 2003ರ ಯುದ್ಧದ ನಂತರ ಅಲ್-ಅಮಿರಿಯಾ ಮೊದಲಿನಂತೆ ಜನ ಬಂದು ನೋಡುವ ಸ್ಥಳವಾಗಿ ಉಳಿಯಲಿಲ್ಲ. ಆ ತಾಯಿಯ ದುಃಖ ಸುಳ್ಳಲ್ಲ. ಆದರೆ ಮಕ್ಕಳ ನೆನಪನ್ನು ಒಂದು ಸರಕಾರದ ಅಥವಾ ಪಕ್ಷದ ಆಸರೆಗೆ ಕಟ್ಟಿದರೆ ಆ ಆಸರೆ ಬಿದ್ದ ದಿನ ನೆನಪೂ ಬೀಳುತ್ತದೆ ಎಂಬುದು ಇದರಿಂದ ತಿಳಿಯುವ ಪಾಠ.

ಸರಾಯೆವೊದ ಕೆಂಪು ಕುರ್ಚಿಗಳು

ಬೋಸ್ನಿಯಾದ ರಾಜಧಾನಿ ಸರಾಯೆವೊ 1992ರ ಏಪ್ರಿಲಿನಿಂದ 1996ರ ಫೆಬ್ರವರಿವರೆಗೆ, 1,425 ದಿನ ಸರ್ಬ್ ಪಡೆಗಳ ಮುತ್ತಿಗೆಯಲ್ಲಿತ್ತು. ನೀರಿಗೆ ಸಾಲು ನಿಂತವರ ಮೇಲೆ, ರಸ್ತೆ ದಾಟುವವರ ಮೇಲೆ, ಅಂಗಳದಲ್ಲಿ ಆಡುವ ಮಕ್ಕಳ ಮೇಲೆ ಸುತ್ತಲಿನ ಬೆಟ್ಟಗಳಿಂದ ಗುಂಡು, ಶೆಲ್ಲುಗಳು ಬೀಳುತ್ತಿದ್ದವು.

ಮುತ್ತಿಗೆ ಆರಂಭವಾಗಿ ಇಪ್ಪತ್ತು ವರ್ಷ ತುಂಬಿದ 2012ರ ಏಪ್ರಿಲ್ 6ರಂದು ನಗರದ ಮುಖ್ಯ ರಸ್ತೆಯಲ್ಲಿ 11,541 ಕೆಂಪು ಕುರ್ಚಿಗಳನ್ನು ಸಾಲಾಗಿ ಇಟ್ಟರು. ಮಡಿದ ಒಬ್ಬೊಬ್ಬರಿಗೆ ಒಂದೊಂದು ಖಾಲಿ ಕುರ್ಚಿ. ನಾಟಕ ನಿರ್ದೇಶಕ ಹಾರಿಸ್ ಪಾಶೊವಿಚ್ ಅವರ ಯೋಜನೆ ಇದು. ಆ ಕುರ್ಚಿಗಳಲ್ಲಿ 643 ಚಿಕ್ಕವು, ಅವು ಮಕ್ಕಳಿಗಾಗಿ ಇಟ್ಟವು. ಯಾರೂ ಹೇಳದೆಯೇ ದಾರಿಹೋಕರು ಆ ಚಿಕ್ಕ ಕುರ್ಚಿಗಳ ಮೇಲೆ ಆಟಿಕೆ, ಪುಸ್ತಕ, ಹೂವು ಇಟ್ಟು ಹೋದರು. ಸಂಜೆಯಾದ ಮೇಲೆ ಕುರ್ಚಿಗಳನ್ನು ತೆಗೆದರು. ಒಂದೇ ದಿನದ ಆ ಪ್ರದರ್ಶನವನ್ನು ನೋಡಿದವರು ಇಂದಿಗೂ ಮರೆತಿಲ್ಲ.

ಅದಕ್ಕಿಂತ ಮೂರು ವರ್ಷ ಮೊದಲು, 2009ರಲ್ಲಿ, ನಗರದ ದೊಡ್ಡ ಉದ್ಯಾನದಲ್ಲಿ ಮಡಿದ ಮಕ್ಕಳಿಗಾಗಿ ಗಾಜಿನ ಶಿಲ್ಪವಿರುವ ಒಂದು ಕಾರಂಜಿಯನ್ನು ಕಟ್ಟಿದ್ದರು. ಸುತ್ತಲಿನ ಲೋಹದ ಉಂಗುರವನ್ನು ಶೆಲ್ಲುಗಳ ಚೂರು ಕೂಡಿಸಿ ಕರಗಿಸಿ ಎರಕ ಹೊಯ್ದರು. ಅದರ ಮೇಲೆ ಮಡಿದ ಮಕ್ಕಳ ಅಣ್ಣ ತಮ್ಮಂದಿರ, ಅಕ್ಕ ತಂಗಿಯರ ಹೆಜ್ಜೆಗುರುತುಗಳಿವೆ. ಮರುವರ್ಷ ಅದರ ಪಕ್ಕದಲ್ಲಿ ತಿರುಗುವ ಏಳು ಲೋಹದ ಕಂಬಗಳನ್ನು ನಿಲ್ಲಿಸಿ 521 ಹೆಸರುಗಳನ್ನು ಕೊರೆದರು. ಕೈಯಿಂದ ತಿರುಗಿಸಿದರೆ ಹೆಸರುಗಳು ಒಂದೊಂದಾಗಿ ಕಣ್ಣ ಮುಂದೆ ಬರುತ್ತವೆ.

ವಿದ್ಯಾರ್ಥಿಗಳು ಇಲ್ಲಿ ಒಂದು ಅಂಶ ಗಮನಿಸಬೇಕು. ಸರಾಯೆವೊದಲ್ಲಿ ಮಡಿದ ಮಕ್ಕಳ ಸಂಖ್ಯೆ 1,601 ಎಂದು ಹಲವು ಕಡೆ ಹೇಳುತ್ತಾರೆ. ಚಿಕ್ಕ ಕುರ್ಚಿಗಳು 643. ಕಂಬಗಳ ಮೇಲಿನ ಹೆಸರುಗಳು 521. ಇದರಿಂದ ಯಾರೋ ಸುಳ್ಳು ಹೇಳಿದರು ಎಂದು ತೀರ್ಮಾನಿಸಬಾರದು. ಯುದ್ಧದ ನಡುವೆ ಮಾಡಿದ ಲೆಕ್ಕ ಬೇರೆ, ನಂತರ ಒಂದೊಂದೇ ಹೆಸರನ್ನು ದಾಖಲೆಯೊಂದಿಗೆ ತಾಳೆ ನೋಡಿದ ಲೆಕ್ಕ ಬೇರೆ. ದೊಡ್ಡ ಸಂಖ್ಯೆಯಿಂದ ದುಃಖ ದೊಡ್ಡದಾಗುವುದಿಲ್ಲ. ತಪ್ಪು ಸಂಖ್ಯೆ ಬರೆದರೆ ಮಾತ್ರ, ನಡೆದದ್ದನ್ನೇ ಅಲ್ಲಗಳೆಯುವವರಿಗೆ ನಾವೇ ಅವಕಾಶ ಕೊಟ್ಟಂತಾಗುತ್ತದೆ. ಮುತ್ತಿಗೆಯೊಳಗಿನ ನಗರದಲ್ಲಿ ಮುಸ್ಲಿಂ ಮಕ್ಕಳೊಂದಿಗೆ ಸರ್ಬ್, ಕ್ರೊಯಾಟ್ ಮಕ್ಕಳೂ ಇದ್ದರು. ಮುತ್ತಿಗೆಯ ಆಚೆ, ಸರ್ಬ್ ಪಡೆಗಳ ಕೈಯಲ್ಲಿದ್ದ ಬಡಾವಣೆಗಳಲ್ಲಿ ಸತ್ತ ಮಕ್ಕಳ ಹೆಸರು ಎಲ್ಲಿ ಎಂಬ ಪ್ರಶ್ನೆಯೂ ಈ ಸ್ಮಾರಕದ ಸುತ್ತ ಎದ್ದಿತು.

ಅದೇ ನಗರದಲ್ಲಿ ಮುತ್ತಿಗೆಯ ಕಾಲದಲ್ಲಿ ಬಾಲಕನಾಗಿದ್ದ ಯಾಸ್ಮಿಂಕೊ ಹಲಿಲೊವಿಚ್, 2010ರಲ್ಲಿ ತನ್ನ ಓರಗೆಯವರನ್ನು ಒಂದು ಪ್ರಶ್ನೆ ಕೇಳಿದರು: ಯುದ್ಧದ ಬಾಲ್ಯ ನಿಮಗೆ ಏನಾಗಿತ್ತು? ಸಾವಿರಕ್ಕೂ ಹೆಚ್ಚು ಜನ ಚಿಕ್ಕ ಚಿಕ್ಕ ಉತ್ತರ ಬರೆದರು. ಅದು ಮೊದಲು ಪುಸ್ತಕವಾಯಿತು. 2017ರಲ್ಲಿ ಯುದ್ಧ ಬಾಲ್ಯದ ವಸ್ತುಸಂಗ್ರಹಾಲಯವಾಯಿತು. ಅಲ್ಲಿ ಆಟಿಕೆ, ಬಟ್ಟೆ, ದಿನಚರಿ ಮುಂತಾದ ವಸ್ತುಗಳಿವೆ, ಪ್ರತಿಯೊಂದರ ಪಕ್ಕದಲ್ಲಿ ಅದರ ಒಡೆಯರೇ ಹೇಳಿದ ಕಥೆಯಿದೆ. 2018ರಲ್ಲಿ ಅದಕ್ಕೆ ಯುರೋಪ್ ಕೌನ್ಸಿಲ್‌ನ ವಸ್ತುಸಂಗ್ರಹಾಲಯ ಪ್ರಶಸ್ತಿ ದೊರೆಯಿತು.

ಕಿಗಾಲಿಯ ಮಕ್ಕಳ ಕೋಣೆ

ಆಫ್ರಿಕಾದ ರುವಾಂಡಾದಲ್ಲಿ 1994ರಲ್ಲಿ ಸುಮಾರು ನೂರು ದಿನ ನಡೆದ ನರಮೇಧದ ಸ್ಮಾರಕ ರಾಜಧಾನಿ ಕಿಗಾಲಿಯಲ್ಲಿ 2004ರಲ್ಲಿ ತೆರೆಯಿತು. ಅದರ ಆವರಣದಲ್ಲಿ 2,50,000ಕ್ಕೂ ಹೆಚ್ಚು ಜನರ ಸಮಾಧಿಯಿದೆ. ಅಲ್ಲಿ ಮಕ್ಕಳಿಗಾಗಿಯೇ ಒಂದು ವಿಭಾಗವಿದೆ. ಪ್ರತಿ ಮಗುವಿನ ದೊಡ್ಡ ಭಾವಚಿತ್ರ, ಕೆಳಗೆ ಒಂದು ಚಿಕ್ಕ ಫಲಕ. ಹೆಸರು, ವಯಸ್ಸು, ಇಷ್ಟದ ತಿಂಡಿ, ಇಷ್ಟದ ಆಟ, ಪ್ರಾಣಸ್ನೇಹಿತ ಯಾರು, ಕೊನೆಗೆ ಹೇಗೆ ಕೊಲ್ಲಲ್ಪಟ್ಟಿತು ಎಂಬ ವಿವರ. ಭಾವಚಿತ್ರಗಳು ಮಕ್ಕಳು ಬದುಕಿದ್ದಾಗ ಮನೆಯವರು ತೆಗೆಸಿದವು. ಕೊಂದ ರೀತಿಯನ್ನು ಮರೆಮಾಚಿಲ್ಲ, ಅದನ್ನು ಒಂದೇ ಸಾಲಿನಲ್ಲಿ ಹೇಳಿದ್ದಾರೆ. ಮಿಕ್ಕ ಸಾಲುಗಳೆಲ್ಲ ಆ ಮಗುವಿನ ಬದುಕಿನದು.

ಗಾಝಾದ 649 ಪುಟಗಳು

2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸತ್ತವರಲ್ಲಿ ಮಕ್ಕಳೂ ಇದ್ದರು. ಅದರ ನಂತರ ಗಾಝಾದ ಮೇಲೆ ಇಸ್ರೇಲ್ ನಡೆಸಿದ ಯುದ್ಧದಲ್ಲಿ ಸಾವಿರಾರು ಮಕ್ಕಳು ಸತ್ತರು. 2024ರ ಸೆಪ್ಟೆಂಬರಿನಲ್ಲಿ ಗಾಝಾದ ಆರೋಗ್ಯ ಸಚಿವಾಲಯವು ಆಗಸ್ಟ್ ಕೊನೆಯವರೆಗೆ ಗುರುತು ಸಿಕ್ಕಿದ 34,344 ಮೃತರ ಪಟ್ಟಿಯನ್ನು ಪ್ರಕಟಿಸಿತು. ಅದು 649 ಪುಟಗಳ ಪಟ್ಟಿ. ಹೆಸರುಗಳು ವಯಸ್ಸಿನ ಕ್ರಮದಲ್ಲಿವೆ, ಕಿರಿಯರು ಮೊದಲು. ಆದ್ದರಿಂದ ಅದನ್ನು ತೆರೆದವರ ಕಣ್ಣಿಗೆ ಮೊದಲು ಬೀಳುವುದು ಒಂದು ವರ್ಷವೂ ತುಂಬದ ಕೂಸುಗಳ ಹೆಸರು.

ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ಶಿಕ್ಷಕ. ಆ ಹೆಸರುಗಳನ್ನು ಓದಲು ನನಗೆ ಯಾರ ಸಹಾಯವೂ ಬೇಕಾಗಲಿಲ್ಲ. ಮುಹಮ್ಮದ್, ಯೂಸುಫ್, ಮರ್ಯಮ್, ಆಯಿಶಾ, ಝೈನಬ್ – ದಿನವೂ ಬೆಳಿಗ್ಗೆ ಹಾಜರಿ ಪುಸ್ತಕದಿಂದ ನಾನು ಕೂಗುವ ಹೆಸರುಗಳೇ ಅವು. ಮರುದಿನ ತರಗತಿಯಲ್ಲಿ ಹಾಜರಿ ಕರೆಯುವಾಗ, "ಹಾಜರ್ ಸರ್" ಎಂಬ ಉತ್ತರಕ್ಕಾಗಿ ಪ್ರತಿ ಹೆಸರಿನ ನಂತರ ಒಂದು ಕ್ಷಣ ಕಾದೆ. ಆ 649 ಪುಟಗಳ ಹೆಸರುಗಳಿಗೆ ಹಾಗೆ ಉತ್ತರ ಕೊಡುವವರು ಇಲ್ಲ ಎಂಬುದು ಆಗ ಮನಸ್ಸಿಗೆ ಬಂತು.

"ಅವರ ಮಕ್ಕಳು ನಮ್ಮ ಗೋಡೆಯ ಮೇಲೆ ಏಕೆ?"

ಟೆರೆಝಿನ್‌ನ ಮಕ್ಕಳ ಚಿತ್ರಗಳ ವಿಷಯವನ್ನೂ ನಮ್ಮ ಪ್ರದರ್ಶನದಲ್ಲಿ ಸೇರಿಸೋಣ ಎಂದು ನಾನು ಹೇಳಿದಾಗ ಒಬ್ಬ ವಿದ್ಯಾರ್ಥಿ ಎದ್ದು ನಿಂತು, "ಸರ್, ಯಹೂದಿಗಳ ಮಕ್ಕಳು ನಮ್ಮ ಗೋಡೆಯ ಮೇಲೆ ಏಕೆ?" ಎಂದು ನೇರವಾಗಿ ಕೇಳಿದ. ಹೀಗೆ ಕೇಳಿದ್ದಕ್ಕೆ ಅವನನ್ನು ಗದರಿಸಲಿಲ್ಲ. ಮನಸ್ಸಿನಲ್ಲಿ ಇಟ್ಟುಕೊಂಡವರಿಗಿಂತ ಕೇಳಿದವನೇ ಮೇಲು.

ಅವನಿಗೆ ನಾನು ಹೇಳಿದ್ದು ಇಷ್ಟು. ಒಂದು ಯುದ್ಧದಲ್ಲಿ ಹೆಂಗಸೊಬ್ಬಳು ಕೊಲ್ಲಲ್ಪಟ್ಟಿರುವುದನ್ನು ತಿಳಿದಾಗ ಪ್ರವಾದಿ ಮುಹಮ್ಮದ್ (ಸ) ಅವರು ಹೆಂಗಸರನ್ನೂ ಮಕ್ಕಳನ್ನೂ ಕೊಲ್ಲುವುದನ್ನು ನಿಷೇಧಿಸಿದರೆಂಬುದು ಬುಖಾರಿ, ಮುಸ್ಲಿಂ ಎರಡೂ ಹದೀಸ್ ಸಂಗ್ರಹಗಳಲ್ಲಿದೆ. ಆ ಆಜ್ಞೆ ಯಾರ ಮಕ್ಕಳ ಬಗ್ಗೆ? ತಮ್ಮ ಮಕ್ಕಳನ್ನು ಕೊಲ್ಲಬೇಡಿ ಎಂದು ಯುದ್ಧಕ್ಕೆ ಹೊರಟವರಿಗೆ ಯಾರೂ ಹೇಳಬೇಕಾಗಿಲ್ಲ. ಅದು ಶತ್ರುಗಳ ಮಕ್ಕಳ ಬಗ್ಗೆ ಕೊಟ್ಟ ಆಜ್ಞೆ. ಮಗು ಯಾವ ಸೈನ್ಯಕ್ಕೂ ಸೇರಿದ್ದಲ್ಲ ಎಂಬ ಈ ತತ್ತ್ವವನ್ನು ನಾವು ಗಾಝಾದ ಮಕ್ಕಳ ಪರವಾಗಿ ಜಗತ್ತಿನ ಮುಂದೆ ಇಡುತ್ತೇವೆ. ಅದನ್ನೇ ಟೆರೆಝಿನ್‌ನ ಮಗುವಿಗೆ, ಹಲಬ್ಜಾದ ಮಗುವಿಗೆ, ಅಕ್ಟೋಬರ್ 7ರಂದು ಸತ್ತ ಮಗುವಿಗೆ ಅನ್ವಯಿಸದಿದ್ದರೆ ನಮ್ಮ ಮಾತಿಗೆ ಯಾವ ಬಲ ಉಳಿಯುತ್ತದೆ?

ಜೆರುಸಲೇಮಿನ ಯಾದ್ ವಶೆಮ್‌ನಲ್ಲಿ 1987ರಲ್ಲಿ ಕಟ್ಟಿದ ಮಕ್ಕಳ ಸ್ಮಾರಕವಿದೆ. ವಾಸ್ತುಶಿಲ್ಪಿ ಮೋಶೆ ಸಫ್ದಿ. ನೆಲದಡಿಯ ಕತ್ತಲೆಯ ಕೋಣೆಯಲ್ಲಿ ಕೆಲವೇ ಮೇಣದಬತ್ತಿಗಳು ಕನ್ನಡಿಗಳಲ್ಲಿ ಪ್ರತಿಫಲಿಸಿ ಲೆಕ್ಕವಿಲ್ಲದ ನಕ್ಷತ್ರಗಳಂತೆ ಕಾಣುತ್ತವೆ. ನಾಝಿಗಳಿಂದ ಕೊಲ್ಲಲ್ಪಟ್ಟ ಸುಮಾರು 15 ಲಕ್ಷ ಯಹೂದಿ ಮಕ್ಕಳಲ್ಲಿ ಒಬ್ಬೊಬ್ಬರ ಹೆಸರು, ವಯಸ್ಸು, ದೇಶವನ್ನು ಅಲ್ಲಿ ಒಂದೊಂದಾಗಿ ಓದುತ್ತಾರೆ. ಇಂಥ ಸ್ಮಾರಕವನ್ನು ಕಟ್ಟಿದ ದೇಶವೇ ಗಾಝಾದ ಮಕ್ಕಳ ಮೇಲೆ ಬಾಂಬ್ ಹಾಕಿತು. ಸ್ಮಾರಕ ಕಟ್ಟಿದ ಮಾತ್ರಕ್ಕೆ ಮನುಷ್ಯನ ಹೃದಯ ತೆರೆಯುವುದಿಲ್ಲ. ತನ್ನ ಮಕ್ಕಳಿಗಾಗಿ ಮಾತ್ರ ಅಳುವುದನ್ನು ಕಲಿಸುವ ಸ್ಮಾರಕ ಅರ್ಧ ಪಾಠವನ್ನಷ್ಟೇ ಕಲಿಸುತ್ತದೆ. ಆ ತಪ್ಪನ್ನು ನಮ್ಮ ಚಿಕ್ಕ ಶಾಲೆಯ ಗೋಡೆಯ ಮೇಲೆ ನಾವೂ ಮಾಡಬೇಕೇ?

ಪ್ರದರ್ಶನ ಹೇಗಿರಬೇಕು?

ಈ ಚರಿತ್ರೆಯಿಂದ ಕಲಿತದ್ದನ್ನು ನಮ್ಮ ಶಾಲೆಗಳಿಗೆ ಉಪಯೋಗವಾಗುವಂತೆ ಹೀಗೆ ಕ್ರೋಡೀಕರಿಸಬಹುದು.

ಮೊದಲನೆಯದಾಗಿ, ಹೆಸರು. ಸಂಖ್ಯೆಯಿಂದ ಆರಂಭಿಸಬೇಡಿ. ಒಂದು ಕಾರ್ಡಿನ ಮೇಲೆ ಒಂದೇ ಹೆಸರು, ವಯಸ್ಸು, ಊರು ಇರಲಿ. ಮಗುವಿನ ಭಾಷೆಯ ಲಿಪಿಯಲ್ಲಿಯೂ ಕನ್ನಡದಲ್ಲಿಯೂ ಬರೆಯಿರಿ. ಕಾಗುಣಿತ ತಪ್ಪಿದರೆ ಆ ಕಾರ್ಡನ್ನು ಮತ್ತೆ ಬರೆಯಿರಿ. ಆ ಮಗುವಿಗೆ ನಾವು ಕೊಡಬಹುದಾದ ಗೌರವ ಅಷ್ಟೇ ಉಳಿದಿದೆ.

ಎರಡನೆಯದಾಗಿ, ವಸ್ತು. ಬುತ್ತಿ ಡಬ್ಬಿ, ಶಾಲೆಯ ಚೀಲ, ಒಂದು ಜೊತೆ ಚಪ್ಪಲಿ, ಖಾಲಿ ಕುರ್ಚಿ ಇಷ್ಟೇ ಸಾಕು. ಇವು ಮಡಿದ ಮಕ್ಕಳ ವಸ್ತುಗಳೆಂದು ಸುಳ್ಳು ಹೇಳಬಾರದು. ನಮ್ಮ ಶಾಲೆಯ ವಸ್ತುಗಳೆಂದು ಸ್ಪಷ್ಟವಾಗಿ ಬರೆದು, ಹಿರೋಶಿಮಾದ ಡಬ್ಬಿಯ ಕಥೆಯನ್ನು ಪಕ್ಕದಲ್ಲಿ ಇಡಬಹುದು.

ಮೂರನೆಯದಾಗಿ, ಛಾಯಾಚಿತ್ರ. ನಾವು ಮಯ್ಯಿತ್ತಿಗೆ ಗುಸುಲ್ ಕೊಟ್ಟು, ಕಫನ್ ಹೊದಿಸಿ, ಮರ್ಯಾದೆಯಿಂದ ಮಣ್ಣಿಗೆ ಒಪ್ಪಿಸುವವರು. ನಮ್ಮ ಮನೆಯ ಮಗುವಿನ ಹರಿದ ದೇಹವನ್ನು ಗೋಡೆಗೆ ಅಂಟಿಸಲು ನಾವು ಒಪ್ಪುವುದಿಲ್ಲ. ಪರರ ಮಗುವಿಗೂ ಅದೇ ಮರ್ಯಾದೆ ಸಲ್ಲಬೇಕು. ಹಾಗೆಂದು ಸತ್ಯವನ್ನು ಮುಚ್ಚಬಾರದು. ಯಾವ ದಿನ, ಯಾವ ಸ್ಥಳ, ಯಾರ ದಾಳಿ ಎಂಬುದನ್ನು ಕಿಗಾಲಿಯವರಂತೆ ಒಂದು ಸಾಲಿನಲ್ಲಿ ಬರೆಯಿರಿ.

ನಾಲ್ಕನೆಯದಾಗಿ, ಲೆಕ್ಕ. ಯಾವುದೇ ಅಂಕಿ ಬರೆದರೂ ಅದು ಯಾರು ಕೊಟ್ಟದ್ದು, ಯಾವ ತಾರೀಖಿನವರೆಗಿನದು ಎಂಬುದನ್ನು ಕೆಳಗೆ ಬರೆಯಿರಿ. ಮೊಬೈಲಿನಲ್ಲಿ ಬಂದದ್ದೆಲ್ಲ ಇತಿಹಾಸವಲ್ಲ.

ಐದನೆಯದಾಗಿ, ನೋಡುವವರು. ಐದನೆಯ ತರಗತಿಗಿಂತ ಕೆಳಗಿನ ಮಕ್ಕಳು ಶಿಕ್ಷಕರ ಜೊತೆಯಲ್ಲಿ ಮಾತ್ರ ಬರಲಿ. ಕೊನೆಯಲ್ಲಿ ಕುಳಿತುಕೊಳ್ಳಲು ಒಂದು ಚಾಪೆ, ಬರೆಯಲು ಕಾಗದ, ಬಣ್ಣ ಇರಲಿ. ದುಃಖವಾದರೆ ಅಳುವುದು ತಪ್ಪಲ್ಲ. ಪ್ರವಾದಿಯವರು (ಸ) ತಮ್ಮ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಕಣ್ಣೀರಿಟ್ಟವರು.

ಆರನೆಯದಾಗಿ, ಉದ್ದೇಶ. ಆ ದಿನ ಅಲ್ಲಿ ಯಾವ ಪಕ್ಷದ ಬಾವುಟವೂ ಬೇಡ, ಗಣ್ಯರ ಭಾಷಣವೂ ಬೇಡ. ಬಗ್ದಾದಿನ ಪಾಠ ನೆನಪಿರಲಿ.

ನಮ್ಮ ಮಕ್ಕಳು ಕೊನೆಗೆ ರಕ್ತದ ಚಿತ್ರಗಳನ್ನು ತೆಗೆದಿಟ್ಟು ಕಾರ್ಡುಗಳನ್ನು ಬರೆಯಲು ಕುಳಿತರು. ಗಾಝಾದ ಪಟ್ಟಿಯಿಂದ ತಮ್ಮ ವಯಸ್ಸಿನವರ ಹೆಸರುಗಳನ್ನು ಆರಿಸಿಕೊಂಡರು. ಟೆರೆಝಿನ್‌ನ ಚಿತ್ರಗಳಿಗೆ ಒಂದು ಚಾರ್ಟ್, ಹಿರೋಶಿಮಾಕ್ಕೆ ಒಂದು, ಸರಾಯೆವೊಕ್ಕೆ ಒಂದು, ಕಿಗಾಲಿಗೆ ಒಂದು. ಅಂಗನವಾಡಿಯಿಂದ ಎರವಲು ತಂದ ಒಂದು ಚಿಕ್ಕ ಕುರ್ಚಿಯನ್ನು ನಡುವೆ ಇಟ್ಟರು. ಯಹೂದಿ ಮಕ್ಕಳ ಬಗ್ಗೆ ಪ್ರಶ್ನೆ ಕೇಳಿದ್ದ ಹುಡುಗನೇ ಟೆರೆಝಿನ್‌ನ ಚಾರ್ಟ್ ಬರೆಯುವ ಕೆಲಸ ವಹಿಸಿಕೊಂಡ. ಅವನ ಮನಸ್ಸು ಪೂರ್ತಿ ಬದಲಾಯಿತೆಂದು ನಾನು ಹೇಳುವುದಿಲ್ಲ. ಆದರೆ ಶಿಕ್ಷಕಿಯ ಎರಡು ಸೂಟ್‌ಕೇಸುಗಳ ಬಗ್ಗೆ ಬರೆದ ಸಾಲುಗಳನ್ನು ಅವನು ನನಗೆ ಎರಡು ಸಲ ಓದಿ ತೋರಿಸಿ, ತಪ್ಪಿದೆಯೇ ನೋಡಿ ಎಂದ.

ಸೀಮೆಸುಣ್ಣ ಬಿಟ್ಟು ಹೋಗಿದ್ದ ನಾಲ್ಕನೆಯ ತರಗತಿಯ ಹುಡುಗಿ ತನ್ನ ಟೀಚರ ಕೈ ಹಿಡಿದು ಬಂದಳು. ಒಂದೊಂದು ಕಾರ್ಡನ್ನೂ ಕೂಡಿಸಿ ಕೂಡಿಸಿ ಓದಿದಳು. ಒಂದು ಕಾರ್ಡಿನಲ್ಲಿ ತನ್ನದೇ ಹೆಸರು ಕಂಡಾಗ, "ಇವಳೂ ನಾಲ್ಕನೇ ಕ್ಲಾಸಾ ಸರ್?" ಎಂದು ಕೇಳಿದಳು. ವಯಸ್ಸು ಒಂಬತ್ತು ಎಂದಿತ್ತು. "ಹೌದಮ್ಮಾ, ಅಷ್ಟೇ ಇರಬೇಕು" ಎಂದೆ.

ಈ ಸಲ ಆ ಹುಡುಗಿ ಮುಖ ತಿರುಗಿಸಲಿಲ್ಲ. ನಮ್ಮ ಸಂಸ್ಥೆಯ ಇತರ ಶಾಲೆಗಳ ಶಿಕ್ಷಕ ಬಂಧುಗಳೂ ವಿದ್ಯಾರ್ಥಿಗಳೂ ಇಂಥ ಪ್ರಯತ್ನವನ್ನು ಮಾಡಲಿ. ಯಾವ ದೇಶದ, ಯಾವ ಧರ್ಮದ ಮಗುವಿನ ಹೆಸರೂ ಇನ್ನು ಮುಂದೆ ಇಂಥ ಪಟ್ಟಿಗೆ ಸೇರದಿರಲಿ ಎಂದು ಸರ್ವಶಕ್ತನಾದ ಅಲ್ಲಾಹನಲ್ಲಿ ಪ್ರಾರ್ಥಿಸುತ್ತೇನೆ. ಆಮೀನ್.